ಪಂಪಿನ ಲೆಕ್ಕ ಯಾರ ಕೈಯಲ್ಲಿ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಹರಿಯಿತು. ಆಗ ಕೊಳ್ಳುವವರು ಕೆಲವರೇ, ಲೆಕ್ಕ ಸುಲಭವಾಗಿತ್ತು. ಇಂದು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗದ್ದೆಗಳಲ್ಲೆಲ್ಲ ಪಂಪುಗಳಿವೆ. ಲೆಕ್ಕ ತೊಡಕಾಗಿದೆ.

ಈ ತೊಡಕನ್ನು ಬಿಡಿಸಲು ಬಂದಿರುವುದೇ ‘ಸ್ಮಾರ್ಟ್ ಗ್ರಿಡ್’. ವಿದ್ಯುತ್ತು ಎಲ್ಲಿ ಎಷ್ಟು ಖರ್ಚಾಯಿತು, ಎಲ್ಲಿ ನಿಂತಿತು ಎಂಬ ಸಮಾಚಾರ ಕಚೇರಿಗೆ ತಾನಾಗಿ ಬರುವ ಏರ್ಪಾಡು ಇದು. ನಮ್ಮ ಜಿಲ್ಲೆಗೆ ವಿದ್ಯುತ್ತು ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು 2010ರ ದಶಕದಲ್ಲಿ ಮೈಸೂರಿನ ವಿ.ವಿ. ಮೊಹಲ್ಲಾ ಭಾಗದಲ್ಲಿ 21 ಸಾವಿರಕ್ಕೂ ಹೆಚ್ಚು ಗ್ರಾಹಕರಿಗೆ ಇದನ್ನು ಪ್ರಯೋಗವಾಗಿ ಕೈಗೊಂಡಿತು. ಅವರಲ್ಲಿ ನೀರಾವರಿ ಪಂಪಿನ ರೈತರೂ ಇದ್ದರು.

ಆದರೆ ಟ್ರಾನ್ಸ್‌ಫಾರ್ಮರಿನ ಮೀಟರು ‘ಎಷ್ಟು’ ಎಂದು ಹೇಳೀತು. ‘ಯಾರದು’ ಎಂದು ಹೇಳಲಾರದು. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರು 5 ಅಶ್ವಶಕ್ತಿಯ ಸುಮಾರು 10 ಪಂಪುಗಳನ್ನು ತಾಳುತ್ತದೆ. ಪುಸ್ತಕದಲ್ಲಿ 10 ಇದ್ದು ಗದ್ದೆಯಲ್ಲಿ 14 ಓಡಿದರೆ, ಕಬ್ಬಿಗೆ ನೀರು ಬೇಕಾದ ಹೊತ್ತಿಗೇ ಅದು ಸುಟ್ಟೀತು. ದೊಡ್ಡದನ್ನು ಕೇಳಲು ಹೋದರೆ ಪುಸ್ತಕವೇ ಅಡ್ಡ ಬಂದೀತು.

ಆದ್ದರಿಂದ ಮೊದಲು ಬದಲಾಗಬೇಕಾದ್ದು ಕೆಲಸದ ಪದ್ಧತಿ. ಮೀಟರು ಓದುವವರದೊಂದು ಲೆಕ್ಕ, ಲೈನ್‌ಮನ್ನರ ನೆನಪಿನದೊಂದು, ಕಚೇರಿಯದು ಮತ್ತೊಂದು ಆದರೆ ಯಂತ್ರ ಎಷ್ಟು ಜಾಣವಾದರೂ ಫಲವಿಲ್ಲ. ಮೂವರೂ ಒಂದೇ ದಾಖಲೆ ನೋಡಬೇಕು. ಪಂಪು ಬೇರೆ ಟ್ರಾನ್ಸ್‌ಫಾರ್ಮರಿಗೆ ಹೋದ ದಿನವೇ ದಾಖಲೆಯನ್ನೂ ತಿದ್ದಬೇಕು.

“10 ಅಶ್ವಶಕ್ತಿಯವರೆಗೆ ನಾವು ಹಣ ಕಟ್ಟುವುದಿಲ್ಲವಲ್ಲ, ಲೆಕ್ಕ ನಮಗೇಕೆ?” ಎನ್ನುವಿರಿ. ಆ ಹಣವನ್ನು ಸರ್ಕಾರ ನಿಗಮಕ್ಕೆ ಕೊಡುತ್ತದೆ. ಮೀಟರಿಲ್ಲದ ಪಂಪಿನ ಬಳಕೆಯನ್ನು ಅಂದಾಜಿನಿಂದ ಬರೆಯುತ್ತಾರೆ. ಆ ಅಂದಾಜಿನೊಳಗೆ ತಂತಿಯ ನಷ್ಟವೂ ಕಳ್ಳ ಬಳಕೆಯೂ ರೈತನ ಹೆಸರಿಗೇ ಸೇರಿಹೋಗಬಹುದು. ಮೀಟರಿನ ಹಿಂದೆಯೇ ಬಿಲ್ಲು ಬಂದೀತೆಂಬ ಅಂಜಿಕೆ ಸಹಜ. ಆದರೆ ಅದನ್ನು ತೀರ್ಮಾನಿಸುವುದು ಮೀಟರಲ್ಲ, ಸರ್ಕಾರ. ಆ ಮಾತು ಎದ್ದ ದಿನ ನಮ್ಮ ಪರ ವಾದಿಸಲು ಸರಿಯಾದ ಲೆಕ್ಕವೇ ಬೇಕು.

ನೀವು ಮಾಡಬೇಕಾದ್ದು ಮೂರು ಕೆಲಸ. ಆರ್.ಆರ್. ನಂಬರು ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮೋಟಾರಿನ ತಗಡಿನ ಮೇಲಿರುವ ಅಶ್ವಶಕ್ತಿ ದಾಖಲೆಗೆ ಹೊಂದುತ್ತದೆಯೇ ನೋಡಿ. ಒಂದೇ ಟ್ರಾನ್ಸ್‌ಫಾರ್ಮರಿನ ರೈತರೆಲ್ಲ ಕೂಡಿ ಪಂಪುಗಳ ಪಟ್ಟಿ ಬರೆದು, ಶಾಖಾ ಕಚೇರಿಗೆ ಕೊಟ್ಟು, ಒಂದು ಪ್ರತಿಗೆ ಮೊಹರು ಹಾಕಿಸಿ ಇಟ್ಟುಕೊಳ್ಳಿ.

ಗದ್ದೆಯ ನಿಜ ಬಲ್ಲವರು ನೀವು. ಅದು ದಾಖಲೆಗೆ ಸೇರುವಂತೆ ನೋಡಿಕೊಳ್ಳಿ.