ಬಿಲ್ವವೃಕ್ಷದ ರಾಸಾಯನಿಕ ಪರೀಕ್ಷೆ

(ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ನೀರಮಾನ್ವಿಯಲ್ಲಿ ಮಾಡಿದ ಉಪನ್ಯಾಸ)



ಇಷ್ಟಲಿಂಗಪೂಜೆಗೆ ನಾವು ನಿತ್ಯವೂ ಬಿಲ್ವಪತ್ರೆಯನ್ನು ತರುವೆವು. ಅಂಗೈಯಲ್ಲಿ ಹಿಡಿದ ಆ ಮೂರೆಲೆಯೊಳಗೆ ಏನೇನು ಅಡಗಿದೆಯೆಂದು ವಿಚಾರಿಸುವವರು ವಿರಳ. ಈಚೆಗೆ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದ ಸಂಗತಿಯನ್ನು ಕೇಳಿ ನಮ್ಮ ಭಕ್ತರಲ್ಲಿ ಕೆಲವರು, “ನಮ್ಮ ಹಿರಿಯರು ಹೇಳಿದ್ದೆಲ್ಲವೂ ಸಿದ್ಧವಾಯಿತು” ಎಂದು ಹಿಗ್ಗುತ್ತಿರುವರು. ಆ ಹಿಗ್ಗಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ಅಪಾಯವಿದೆ ಎಂಬುದನ್ನು ತೂಗಿ ನೋಡುವುದೇ ಇಂದಿನ ವಿಷಯವು.

ಮೊದಲು ವೃಕ್ಷದ ಪರಿಚಯ. ಬಿಲ್ವವು ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ ಮುಳ್ಳುಮರ. ಹೊಲದ ಬದುವಿನಲ್ಲಿ ಬೆಳೆಯುವ ಬೆಳವಲವೂ ಇದೇ ಕುಲದ್ದಾದುದರಿಂದಲೂ, ಎರಡರ ಕಾಯಿಗೂ ಗಟ್ಟಿಯಾದ ಕರಟವಿರುವುದರಿಂದಲೂ, ಒಂದನ್ನು ಮತ್ತೊಂದೆಂದು ಭ್ರಮಿಸುವವರುಂಟು. ಬಿಲ್ವಕ್ಕೆ ಮೂರೆಲೆ, ಬೆಳವಲದ ಒಂದೇ ಕಡ್ಡಿಗೆ ಐದೋ ಏಳೋ ಸಣ್ಣ ಎಲೆಗಳು. ಗಿಡವನ್ನು ಸರಿಯಾಗಿ ಗುರುತಿಸದೆ ಮಾಡಿದ ಪರೀಕ್ಷೆಯೂ ವ್ಯರ್ಥ, ಕುಡಿದ ಔಷಧವೂ ವ್ಯರ್ಥ.

ಆಯುರ್ವೇದದಲ್ಲಿ ಬಿಲ್ವದ ಬೇರು ದಶಮೂಲಗಳಲ್ಲಿ ಒಂದು. ಕಾಯಿಯು ಅತಿಸಾರಕ್ಕೆ ಮದ್ದು. ಇಲ್ಲಿ ಒಂದು ಸೂಕ್ಷ್ಮವುಂಟು. ಉಳಿದ ಫಲಗಳಲ್ಲಿ ಪಕ್ವವಾದುದೇ ಗುಣಕರವೆಂದೂ, ಬಿಲ್ವದಲ್ಲಿ ಮಾತ್ರ ಎಳೆಯ ಕಾಯಿಯೇ ಶ್ರೇಷ್ಠವೆಂದೂ ಭಾವಪ್ರಕಾಶಕಾರನು ವಿಧಿಸಿರುವನು. ಪ್ರಾಚೀನರು ಗಿಡವನ್ನು ಹೊಗಳಿ ಸುಮ್ಮನಾಗಲಿಲ್ಲ. ಯಾವ ಭಾಗ, ಯಾವ ಅವಸ್ಥೆ, ಯಾವ ರೋಗ ಎಂದು ವಿಂಗಡಿಸಿದರು.

ಇನ್ನು ಪರೀಕ್ಷೆಯ ಕ್ರಮ. ಎಲೆಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಪುಡಿಮಾಡುವರು. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಕೀಟನಾಶಕದ ಹನಿ ಬದುವಿನ ಮರಕ್ಕೂ ತಗಲುವುದರಿಂದ, ಎಲೆಯನ್ನು ಎಲ್ಲಿಂದ ಕಿತ್ತರೆಂಬುದೂ ಮುಖ್ಯವೇ. ಪುಡಿಯನ್ನು ನೀರಿನಲ್ಲಿಯೂ ಮದ್ಯಸಾರದಲ್ಲಿಯೂ ನೆನೆಯಿಟ್ಟು ಸತ್ತ್ವವನ್ನು ತೆಗೆಯುವರು. ಆ ಸತ್ತ್ವಕ್ಕೆ ಕಬ್ಬಿಣದ ಕ್ಲೋರೈಡ್ ದ್ರಾವಣವನ್ನು ಹನಿಸಿದಾಗ ನೀಲಿಗಪ್ಪು ಅಥವಾ ಹಸುರುಗಪ್ಪು ಬಣ್ಣ ಬಂದರೆ ಒಗರಿನ ದ್ರವ್ಯವಾದ ಟ್ಯಾನಿನ್ ಇದೆಯೆಂದು ತಿಳಿಯುವರು. ಡ್ರಾಗೆಂಡಾರ್ಫ್ ದ್ರಾವಣವನ್ನು ಸೇರಿಸಿದಾಗ ಕಿತ್ತಳೆಗೆಂಪಿನ ಗಸಿ ಕೂತರೆ ಆಲ್ಕಲಾಯ್ಡ್ ಇದೆಯೆಂದರ್ಥ. ಕುಲುಕಿದಾಗ ನೊರೆಯೆದ್ದು ನಿಂತರೆ ಸಪೋನಿನ್. ಈ ರೀತಿಯಾಗಿಯೂ, ಇದಕ್ಕಿಂತ ಸೂಕ್ಷ್ಮವಾದ ಯಂತ್ರಗಳಿಂದಲೂ ಪರೀಕ್ಷಿಸಿ, ಎಲೆಯಲ್ಲಿ ಏಗೆಲೀನ್, ಸ್ಕಿಮಿಯಾನೀನ್, ರುಟಿನ್ ಎಂಬವುಗಳನ್ನೂ, ಕಾಯಿಯಲ್ಲಿ ಮಾರ್ಮೆಲೋಸಿನ್ ಎಂಬುದನ್ನೂ ಕಂಡುಕೊಂಡಿರುವರು.

ಅನಂತರ ಉತ್ಕರ್ಷಣ-ನಿರೋಧಕ ಶಕ್ತಿಯ ಪರೀಕ್ಷೆ. ಕಬ್ಬಿಣ ತುಕ್ಕು ಹಿಡಿಯುವುದು, ಹೆಚ್ಚಿದ ಬದನೆಕಾಯಿ ಕಪ್ಪಾಗುವುದು, ಹಳೆಯ ಎಣ್ಣೆ ಕೆಡುವುದು ಎಲ್ಲವೂ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ದೇಹದೊಳಗೂ ಇಂಥ ಕ್ರಿಯೆಯಿಂದ ಅಸ್ಥಿರವಾದ ಕಣಗಳು ಹುಟ್ಟುವುವು. ಅವುಗಳನ್ನು ಶಮನಗೊಳಿಸುವ ದ್ರವ್ಯವೇ ಉತ್ಕರ್ಷಣ-ನಿರೋಧಕ. ಡಿ.ಪಿ.ಪಿ.ಎಚ್. ಎಂಬ ಕಡುನೇರಳೆ ದ್ರಾವಣದಿಂದ ಇದನ್ನು ಅಳೆಯುವ ಕ್ರಮವನ್ನು ಬ್ಲಾಯ್ಸ್ ಎಂಬ ವಿಜ್ಞಾನಿಯು 1958ರಲ್ಲಿ ಪ್ರಕಟಿಸಿದನು. ಎಲೆಯ ಸತ್ತ್ವವನ್ನು ಸೇರಿಸಿದಾಗ ನೇರಳೆಯು ಕುಂದಿ ಹಳದಿಯಾಗುವುದು. ಬಣ್ಣವನ್ನು ಅರ್ಧಕ್ಕೆ ಇಳಿಸಲು ಎಷ್ಟು ಸತ್ತ್ವ ಬೇಕಾಯಿತೆಂದು ಅಳೆದು, ಸಿ ಜೀವಸತ್ತ್ವದೊಡನೆ ಹೋಲಿಸುವರು. ಕಡಿಮೆ ಸತ್ತ್ವ ಸಾಕಾದಷ್ಟೂ ಶಕ್ತಿ ಹೆಚ್ಚು. ಬಿಲ್ವಪತ್ರೆಯು ಈ ಬಣ್ಣವನ್ನು ಕುಂದಿಸುವುದು ನಿಜ.

ಆದರೆ ಶರಣರೇ, ಗಾಜಿನ ನಳಿಕೆಯಲ್ಲಿ ಬಣ್ಣ ಕುಂದಿದ ಮಾತ್ರಕ್ಕೆ ಮನುಷ್ಯನ ರೋಗ ಕುಂದಿತೆಂದು ಹೇಳಲಾಗದು. ಚಹವೂ ನೆಲ್ಲಿಕಾಯಿಯೂ ಆ ಬಣ್ಣವನ್ನು ಕುಂದಿಸುವುವು. ಆಹಾರಗಳ ಇಂಥ ಶಕ್ತಿಯ ಪಟ್ಟಿಯನ್ನು ಪ್ರಕಟಿಸಿದ್ದ ಅಮೆರಿಕದ ಕೃಷಿ ಇಲಾಖೆಯು, ನಳಿಕೆಯ ಅಂಕಿಗಳಿಂದ ದೇಹದ ಪರಿಣಾಮವನ್ನು ಹೇಳಲಾಗದೆಂದು 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಫಿನ್ಲೆಂಡ್ ದೇಶದಲ್ಲಿ ಧೂಮಪಾನಿಗಳಿಗೆ ಉತ್ಕರ್ಷಣ-ನಿರೋಧಕವಾದ ಬೀಟಾ ಕೆರೋಟಿನ್ ಗುಳಿಗೆಗಳನ್ನು ಕೊಟ್ಟು ನೋಡಿದಾಗ, ಶ್ವಾಸಕೋಶದ ಅರ್ಬುದವು ತಗ್ಗದೆ ಹೆಚ್ಚಿತೆಂಬುದು 1994ರಲ್ಲಿ ಪ್ರಕಟವಾಯಿತು.

ಬಿಲ್ವದ ವಿಷಯದಲ್ಲಿಯೇ ಒಂದು ನಿದರ್ಶನವಿದೆ. ಎಲೆಯಲ್ಲಿರುವ ಏಗೆಲೀನನ್ನು ಕೃತಕವಾಗಿ ತಯಾರಿಸಿ, ಮೈ ಇಳಿಸುವ ಗುಳಿಗೆಗಳಲ್ಲಿ ಸೇರಿಸಿ ಅಮೆರಿಕದಲ್ಲಿ ಮಾರಿದರು. 2013ರಲ್ಲಿ ಹವಾಯಿ ದ್ವೀಪಗಳಲ್ಲಿ ಆ ಗುಳಿಗೆಗಳನ್ನು ಸೇವಿಸಿದ ಹಲವರಿಗೆ ಯಕೃತ್ತಿನ ಉರಿಯೂತವುಂಟಾಗಿ, ಸಾವೂ ಸಂಭವಿಸಿತು. ಸರಕಾರವು ಅವುಗಳನ್ನು ಮಾರುಕಟ್ಟೆಯಿಂದ ತೆಗೆಯಿಸಿತು. ಗುಳಿಗೆಯಲ್ಲಿ ಬೇರೆ ದ್ರವ್ಯಗಳೂ ಇದ್ದುದರಿಂದ ಏಗೆಲೀನೊಂದೇ ಕಾರಣವೆಂದು ನಿರ್ಣಯಿಸಲಾಗದು. ಆದರೂ ಪತ್ರೆಯ ಹೆಸರಿದ್ದುದೆಲ್ಲವೂ ನಿರಪಾಯವಲ್ಲವೆಂಬ ಪಾಠವು ಅದರಲ್ಲಿದೆ.

ಇದನ್ನು ಪರದೇಶದ ಕಥೆಯೆಂದು ತಳ್ಳುವಂತಿಲ್ಲ. ಕೆಲವು ವರ್ಷಗಳ ಹಿಂದೆ ಮಠದ ಭಕ್ತರೊಬ್ಬರು ನನ್ನಲ್ಲಿಗೆ ಬಂದು, ಪತ್ರಿ ರಸದಿಂದ ಸಕ್ಕರೆ ಕಾಯಿಲೆ ಹೋಗುವುದೇ ಎಂದು ಕೇಳಿದರು. ನಾನು ಓದಿದ ಗ್ರಂಥದಲ್ಲಿ ಪ್ರಮೇಹಕ್ಕೆ ಬಿಲ್ವಪತ್ರೆಯ ಪ್ರಯೋಗವಿದ್ದುದರಿಂದ, ಅವರು ಯಾವ ಔಷಧ ತೆಗೆದುಕೊಳ್ಳುತ್ತಿರುವರೆಂದು ವಿಚಾರಿಸದೆ, ಹೂಂ ಎಂದು ತಲೆಯಾಡಿಸಿದೆನು. ಅವರು ಇನ್ಸುಲಿನ್ ಬಿಟ್ಟರು. ಕೆಲವೇ ದಿನಗಳಲ್ಲಿ ಎಚ್ಚರದಪ್ಪಿ ರಾಯಚೂರಿನ ಆಸ್ಪತ್ರೆಗೆ ಹೋಗಬೇಕಾಯಿತು. ಅವರ ಧರ್ಮಪತ್ನಿಯು ಮಠಕ್ಕೆ ಬಂದು, “ಶಾಸ್ತ್ರಿಗಳೇ, ನೀವು ಹೂಂ ಅಂದ್ರಿ ಅಂತ ಸೂಜಿ ಬಿಟ್ಟಾರ್ರೀ” ಎಂದರು. ಆ ತಾಯಿಯ ದನಿಯಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಗುರುಕೃಪೆಯಿಂದಲೂ ವೈದ್ಯರ ಕೈಗುಣದಿಂದಲೂ ಅವರು ಉಳಿದರು. ಇಲಿಗಳಲ್ಲಿ ಪತ್ರೆಯ ಸತ್ತ್ವವು ರಕ್ತದ ಸಕ್ಕರೆಯನ್ನು ಇಳಿಸಿತೆಂದು ಪರಿಶೋಧಕರು ಬರೆದಿರುವುದು ನಿಜ. ಆದರೆ ಇನ್ಸುಲಿನ್ನಿಗೆ ಬದಲಾಗಿ ಪತ್ರೆಯನ್ನು ಕುಡಿಯಿರೆಂದು ಅದರ ಅರ್ಥವಲ್ಲ.

ಹಾಗಾದರೆ ಪರೀಕ್ಷೆಯು ನಿಷ್ಪ್ರಯೋಜಕವೇ? ಅಲ್ಲ. ಮುಂಬಯಿಯ ಪರಿಶೋಧಕರು ಒಣಗಿದ ಎಳೆಯ ಬಿಲ್ವಕಾಯಿಯ ಕಷಾಯವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಅದು ಭೇದಿಯ ರೋಗಾಣುಗಳನ್ನು ಅಷ್ಟಾಗಿ ಕೊಲ್ಲಲಿಲ್ಲ. ಆದರೆ ಅವು ಕೋಶಗಳಿಗೆ ಅಂಟಿಕೊಳ್ಳುವುದನ್ನು ತಗ್ಗಿಸಿತು, ಅವುಗಳ ವಿಷದ ಬಲವನ್ನೂ ಕುಂದಿಸಿತು. ಇದೂ ಪ್ರಯೋಗಶಾಲೆಯ ಮಾತೇ. ಆದರೂ ಹಿರಿಯರು ಅತಿಸಾರಕ್ಕೆ ಎಳೆಯ ಕಾಯಿಯನ್ನೇಕೆ ಆರಿಸಿದರೆಂಬುದಕ್ಕೆ ಇಲ್ಲಿ ಕಾರಣದ ಸುಳಿವು ದೊರೆಯುವುದು. ನಿಜವಾದ ಪರೀಕ್ಷೆಯೆಂದರೆ ಇದು: ಯಾವ ಭಾಗ, ಯಾವ ರೋಗ, ಹೇಗೆ ಎಂಬ ನಿರ್ದಿಷ್ಟ ಪ್ರಶ್ನೆ.

ಚರಕಾಚಾರ್ಯರು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಯುಕ್ತಿಯನ್ನೂ ಪರೀಕ್ಷೆಯ ಸಾಧನವೆಂದು ಹೇಳಿರುವರು. ಹಲವು ಕಾರಣಗಳನ್ನು ಕೂಡಿಸಿ ಫಲವನ್ನು ಕಾಣುವ ಬುದ್ಧಿಯೇ ಯುಕ್ತಿ. ಅಂದು ನನ್ನಲ್ಲಿ ಆಪ್ತವಾಕ್ಯವಿತ್ತು, ಯುಕ್ತಿಯಿರಲಿಲ್ಲ. ಇಂದಿನ ಕೆಲವರಲ್ಲಿ ನಳಿಕೆಯ ಪ್ರತ್ಯಕ್ಷವಿದೆ, ಯುಕ್ತಿಯಿಲ್ಲ. ಎರಡೂ ಒಂದೇ ದೋಷ.

ಆದುದರಿಂದ ಭಕ್ತರಲ್ಲಿ ಕೆಲವು ಬಿನ್ನಹಗಳು. ವೈದ್ಯರು ಕೊಟ್ಟ ಔಷಧವನ್ನು ಯಾರ ಮಾತಿನಿಂದಲೂ, ಶಾಸ್ತ್ರಿಗಳ ಮಾತಿನಿಂದಲೂ, ತಾವಾಗಿ ಬಿಡಬೇಡಿರಿ. ಪತ್ರೆಯ ರಸವನ್ನೋ ಕಷಾಯವನ್ನೋ ಸೇವಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಮಕ್ಕಳಿಗೆ ಭೇದಿಯಾದರೆ ಕಷಾಯವನ್ನು ನಂಬಿ ಕೂಡದೆ ಉಪ್ಪುಸಕ್ಕರೆಯ ನೀರನ್ನು ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯಿರಿ. ಪೂಜೆಗಾಗಿ ಕೊಂಬೆ ಮುರಿಯದೆ ಬೇಕಾದಷ್ಟೇ ಎಲೆ ಬಿಡಿಸಿ, ಈ ಮಹೋತ್ಸವದ ನೆನಪಿಗೆ ಮನೆಗೊಂದು ಬಿಲ್ವದ ಸಸಿಯನ್ನು ನೆಡಿರಿ.

ಪತ್ರೆಯು ಪೂಜ್ಯವಾಗಲು ಪ್ರಯೋಗಶಾಲೆಯ ಅಪ್ಪಣೆ ಬೇಕಿಲ್ಲ. ಔಷಧವಾಗಲು ಮಾತ್ರ ಪರೀಕ್ಷೆ ಬೇಕು. ಈ ಭೇದವನ್ನು ನಾನು ಒಬ್ಬ ಭಕ್ತರ ಸಂಕಟದಿಂದ ಕಲಿತೆನು. ತಾವು ಈ ಮಾತಿನಿಂದಲೇ ಕಲಿಯಿರೆಂದು ಬೇಡಿಕೊಂಡು ವಿರಮಿಸುವೆನು.