ತನ್ನವರ ಎದುರು ಎದ್ದು ನಿಲ್ಲುವ ಪ್ರಶ್ನೆ



ಶಾಸನಸಭೆಗೂ ಸಾರ್ವಜನಿಕ ಸೇವೆಗಳಿಗೂ ಇರುವ ನಂಟಿನ ಬಗ್ಗೆ ಎರಡು ದಿನ ಮಾತಾಡಲು ಇಲ್ಲಿ ಸೇರಿದ್ದೇವೆ. ಈ ಸಂಕಿರಣದ ಆಶಯವನ್ನು ಹೇಳಲು ನಾನು ವೇಲ್ಸ್ ನಾಡನ್ನು ಆರಿಸಿಕೊಂಡಿದ್ದೇನೆ. ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟು ಜನರಿರುವ ನಾಡು ಅದು. ಆಸ್ಪತ್ರೆ, ಪಿಂಚಣಿ, ನಿರುದ್ಯೋಗ ಭತ್ಯೆಗಳ ಬಗ್ಗೆ ಸದನದಲ್ಲಿ ಗಟ್ಟಿಯಾಗಿ ಮಾತಾಡಿದ ಶಾಸಕರನ್ನು ಅದು ತಲೆಮಾರಿನಿಂದ ತಲೆಮಾರಿಗೆ ಕೊಟ್ಟಿದೆ. ವಿರೋಧ ಪಕ್ಷದಲ್ಲಿ ಕೂತು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡವರನ್ನು ನಾನು ಇವತ್ತು ಹೆಚ್ಚು ಹೊತ್ತು ನೆನೆಯುವುದಿಲ್ಲ. ಪ್ರಶ್ನೆ ತನ್ನ ಪಕ್ಷಕ್ಕೇ, ತನ್ನ ಊರಿಗೇ ತಾಗುವಾಗ ಶಾಸಕ ಏನು ಮಾಡುತ್ತಾನೆ ಎಂಬುದು ನನ್ನ ವಿಷಯ.

ಅನೈರಿನ್ ಬೆವನ್ ಅವರಿಂದ ಶುರು ಮಾಡುತ್ತೇನೆ. 1897ರಲ್ಲಿ ಟ್ರೆಡೀಗರ್ ಎಂಬ ಗಣಿ ಊರಿನಲ್ಲಿ ಹುಟ್ಟಿದವರು. ಹದಿಮೂರಕ್ಕೆ ಶಾಲೆ ಬಿಟ್ಟು ಗಣಿಗೆ ಇಳಿದರು. ಗಣಿಯ ದೂಳು ಶ್ವಾಸಕೋಶ ತಿಂದು ತಂದೆ ತೀರಿಕೊಂಡಾಗ ಪರಿಹಾರವೆಂದು ಬಿಡಿಗಾಸೂ ಬರಲಿಲ್ಲ. ಅದೇ ಊರಿನಲ್ಲಿ ಕಾರ್ಮಿಕರು ತಮ್ಮ ಕೂಲಿಯ ಪ್ರತಿ ಪೌಂಡಿಗೆ ಮೂರು ಪೆನ್ನಿಯಂತೆ ಕೂಡಿಸಿ ನಡೆಸುತ್ತಿದ್ದ ವೈದ್ಯಕೀಯ ಸಂಘವಿತ್ತು. ಡಾಕ್ಟರು, ದಾದಿ, ಔಷಧ, ಆಸ್ಪತ್ರೆ, ಎಲ್ಲವೂ ಆ ಹಣದಲ್ಲೇ. 1929ರಲ್ಲಿ ಎಬು ವೇಲ್ ಕ್ಷೇತ್ರದಿಂದ ಸಂಸತ್ತಿಗೆ ಹೋದ ಬೆವನ್‌ಗೆ ಈ ಎರಡೂ ಗೊತ್ತಿದ್ದವು, ನೆರವಿಲ್ಲದ ಸಾವು ಮತ್ತು ಕೂಡಿ ಕಟ್ಟಿದ ನೆರವು.

1931ರಲ್ಲಿ ನಿರುದ್ಯೋಗ ಭತ್ಯೆಗೆ ಬಂದ ಕುಟುಂಬ ಆದಾಯ ಪರೀಕ್ಷೆ ಗಣಿ ಕಣಿವೆಗಳ ಮನೆಗಳನ್ನು ಒಡೆಯಿತು. ಮಗ ಎರಡು ಕಾಸು ದುಡಿದರೆ ಅಪ್ಪನ ಭತ್ಯೆಗೆ ಕತ್ತರಿ. ಅಪ್ಪನಿಗೆ ಹೊರೆಯಾಗಬಾರದೆಂದು ಮಕ್ಕಳು ಬೇರೆ ಕಡೆ ಬಾಡಿಗೆಗೆ ಹೋದರು. ಅಧಿಕಾರಿಗಳು ಮನೆಗೆ ಬಂದು ಮೇಜು ಕುರ್ಚಿಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಬೆವನ್ ಇದನ್ನು ಸದನದಲ್ಲಿ ಮತ್ತೆ ಮತ್ತೆ ಎತ್ತಿದರು. 1935ರ ಫೆಬ್ರುವರಿಯಲ್ಲಿ ಭತ್ಯೆಯ ಹೊಸ ದರಗಳ ವಿರುದ್ಧ ದಕ್ಷಿಣ ವೇಲ್ಸ್ ಬೀದಿಗಿಳಿಯಿತು. ಮರ್ಥರ್ ಪಟ್ಟಣದಲ್ಲಿ ಹೆಂಗಸರೇ ಮುಂದೆ ನಿಂತಿದ್ದ ಜನಸಾಗರ ಭತ್ಯೆ ಕಚೇರಿಗೆ ನುಗ್ಗಿತು. ಮರುದಿನವೇ ಸರ್ಕಾರ ಆ ದರಗಳನ್ನು ತಡೆಹಿಡಿಯಿತು. ಸದನದ ಮಾತಿಗೆ ಬೀದಿಯ ಬಲ ಸಿಕ್ಕಾಗ ಏನಾಗುತ್ತದೆಂದು ಬೆವನ್ ಕಣ್ಣಾರೆ ಕಂಡರು.

ಮುಂದೆ ಮಂತ್ರಿಯಾಗಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದದ್ದು ಎಲ್ಲರಿಗೂ ಗೊತ್ತು.

ಅಷ್ಟೇ ಮುಖ್ಯವಾದದ್ದು 1951ರ ಏಪ್ರಿಲ್. ಕೊರಿಯಾ ಯುದ್ಧದ ಖರ್ಚಿಗಾಗಿ ಅವರದೇ ಲೇಬರ್ ಸರ್ಕಾರ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಹೊರಟಿತು. ಮೊದಲ ವರ್ಷ ಅದರಿಂದ ಬರಬೇಕಿದ್ದದ್ದು 1.3 ಕೋಟಿ ಪೌಂಡು. ಮೂರು ವರ್ಷದ ಶಸ್ತ್ರಾಸ್ತ್ರ ಯೋಜನೆ 470 ಕೋಟಿ ಪೌಂಡಿನದು. ಬೆವನ್ ಮಂತ್ರಿಗಿರಿ ಬಿಟ್ಟು ಹೊರಬಂದರು. ಅವರನ್ನು ಹೊಗಳುವವರು ಒಂದು ಸಂಗತಿ ಮರೆಯುತ್ತಾರೆ: ಔಷಧ ಚೀಟಿಗೆ ಶುಲ್ಕ ಹಾಕುವ ಅಧಿಕಾರವನ್ನು ಕಾನೂನಿಗೆ ಸೇರಿಸಲು 1949ರಲ್ಲಿ ಅವರೇ ಒಪ್ಪಿದ್ದರು. ಆ ಒಪ್ಪಿಗೆಯನ್ನು ಬಲ್ಲವರಿಗೆ ಈ ರಾಜೀನಾಮೆ ಇನ್ನಷ್ಟು ಗೌರವಾರ್ಹವಾಗಿ ಕಾಣುತ್ತದೆ. ಒಮ್ಮೆ ಬಗ್ಗಿದ ಮನುಷ್ಯ ಎರಡನೇ ಸಲ ಬಗ್ಗಲಿಲ್ಲ. ದಶಕಗಳ ನಂತರ ವೇಲ್ಸ್ 2007ರ ಏಪ್ರಿಲ್ 1ರಂದು ಔಷಧ ಚೀಟಿಯ ಶುಲ್ಕವನ್ನು ಪೂರ್ತಿ ತೆಗೆದುಹಾಕಿತು. ಬ್ರಿಟನ್ನಿನ ನಾಲ್ಕು ನಾಡುಗಳಲ್ಲಿ ಅದೇ ಮೊದಲು.

ಇದು ಗೆಲುವಿನ ಕಥೆ. ಈಗ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಕಥೆಗೆ ಬರುತ್ತೇನೆ.

ಎಸ್. ಒ. ಡೇವಿಸ್ 1934ರಿಂದ 1972ರಲ್ಲಿ ಸಾಯುವವರೆಗೆ ಮರ್ಥರ್ ಕ್ಷೇತ್ರದ ಸಂಸತ್ ಸದಸ್ಯರು. ಅವರೂ ಗಣಿಯಿಂದ ಬಂದವರೇ. ಯಾರಿಗೂ ಹೆದರುವ ಆಳಲ್ಲ. ವೇಲ್ಸ್‌ಗೆ ತನ್ನದೇ ಸಂಸತ್ತು ಬೇಕೆಂದು 1955ರಲ್ಲಿ ತಮ್ಮ ಲೇಬರ್ ಪಕ್ಷದ ಇಷ್ಟಕ್ಕೆ ವಿರುದ್ಧವಾಗಿ ಮಸೂದೆ ತಂದರು. 1961ರಲ್ಲಿ ರಕ್ಷಣಾ ವೆಚ್ಚದ ವಿರುದ್ಧ ಮತ ಹಾಕಿ ಸಂಸದೀಯ ಪಕ್ಷದಿಂದ ಹೊರದೂಡಿಸಿಕೊಂಡರು. 1970ರಲ್ಲಿ ವಯಸ್ಸಾಯಿತೆಂದು ಪಕ್ಷ ಟಿಕೆಟ್ ಕೊಡದಿದ್ದಾಗ ಸ್ವತಂತ್ರವಾಗಿ ನಿಂತು ಗೆದ್ದರು.

ಅವರ ಕ್ಷೇತ್ರದಲ್ಲೇ ಅಬರ್‌ವ್ಯಾನ್ ಇತ್ತು. ಊರಿನ ಮೇಲಣ ಬೆಟ್ಟದಲ್ಲಿ ಕಲ್ಲಿದ್ದಲು ಗಣಿಯ ಕಸದ ಗುಡ್ಡೆಗಳು. ಏಳನೆಯ ಗುಡ್ಡೆಯನ್ನು 1958ರಿಂದ ನೀರಿನ ಒರತೆಯ ಮೇಲೆಯೇ ಸುರಿಯುತ್ತಾ ಬಂದಿದ್ದರು. ಊರಿನ ಶಾಲೆಯ ಹಿಂದೆ ಸುರಿಯುತ್ತಿದ್ದ ಈ ಗಣಿ ಕೆಸರಿನಿಂದ ಅಪಾಯವಿದೆಯೆಂದು ಮರ್ಥರ್ ನಗರಾಡಳಿತದ ಎಂಜಿನಿಯರುಗಳು 1963ರಲ್ಲೇ ಬರೆದಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ ಗುಡ್ಡೆ ಜಾರಿ ಪ್ಯಾಂಟ್‌ಗ್ಲಾಸ್ ಪ್ರಾಥಮಿಕ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು.

ವಿಚಾರಣಾ ಆಯೋಗದ ಮುಂದೆ ಡೇವಿಸ್ ಹೇಳಿದ ಮಾತಿನ ಸಾರ ಇದು: ಗುಡ್ಡೆ ಜಾರಬಹುದೆಂಬ ಅಳುಕು ನನಗೆ ಮೊದಲಿನಿಂದಲೂ ಇತ್ತು, ಆದರೆ ಅದನ್ನು ಎತ್ತಿದರೆ ಗಣಿಯನ್ನೇ ಮುಚ್ಚುತ್ತಾರೆಂದು ತೋರುತ್ತಿತ್ತು. ಆಯೋಗ ಈ ಮಾತನ್ನು ಒಪ್ಪಲಿಲ್ಲ. ಅದು ನಿಜವಾಗಿದ್ದರೆ ತಪ್ಪಿನಲ್ಲಿ ಅವರಿಗೂ ಪಾಲಿರುತ್ತಿತ್ತು ಎಂದಿತು. 1967ರ ವರದಿ ಹೊಣೆಯನ್ನು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ಆ ಮಂಡಳಿ ಯಾರದು? ಗಣಿ ಕಾರ್ಮಿಕರ ಕನಸಾಗಿ, ಲೇಬರ್ ಸರ್ಕಾರವೇ 1946ರಲ್ಲಿ ಸ್ಥಾಪಿಸಿದ ಸಾರ್ವಜನಿಕ ಸಂಸ್ಥೆ.

ಆಯೋಗ ಒಪ್ಪದಿದ್ದರೂ ಆ ಮಾತನ್ನು ನಾನು ತಳ್ಳಿಹಾಕಲಾರೆ. ಪಕ್ಷದ ವಿಪ್‌ಗೆ ಅಂಜದ, ಕುರ್ಚಿಗೆ ಆಸೆಪಡದ ಶಾಸಕನನ್ನೂ ಕಟ್ಟಿಹಾಕಬಲ್ಲದ್ದು ಒಂದಿದೆ, ತನ್ನ ಮತದಾರರ ಅನ್ನ. ಪಾಠ ಕಲಿಯುವ ಮಕ್ಕಳ ತಲೆಯ ಮೇಲೆ ಗುಡ್ಡೆ, ಅವರ ಅಪ್ಪಂದಿರ ಕೂಲಿ ಅದೇ ಗುಡ್ಡೆಯ ಗಣಿಯಲ್ಲಿ. ಇಂಥ ಕಡೆ ಬಾಯಿ ತೆರೆಯುವುದು ಬೆವನ್‌ರಂತೆ ತನ್ನ ಸರ್ಕಾರದೊಂದಿಗೆ ಜಗಳವಾಡುವುದಕ್ಕಿಂತ ಎಷ್ಟೋ ಕಷ್ಟ.

ಆಮೇಲೆ ನಡೆದದ್ದನ್ನೂ ಹೇಳಬೇಕು. ಉಳಿದ ಗುಡ್ಡೆಗಳನ್ನು ತೆಗೆಯುವ ಖರ್ಚಿಗೆಂದು, ಜನ ಕೊಟ್ಟ ಪರಿಹಾರ ನಿಧಿಯಿಂದಲೇ 1,50,000 ಪೌಂಡನ್ನು ಸರ್ಕಾರ ತೆಗೆದುಕೊಂಡಿತು. ಮಕ್ಕಳನ್ನು ಕಳೆದುಕೊಂಡವರ ನಿಧಿ ಅದು! ಡೇವಿಸ್ ಇದನ್ನು ವಿರೋಧಿಸಿ ನಿಧಿಯ ಸಮಿತಿಯಿಂದ ಹೊರಬಂದರು. ಹಣ ಮರಳಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. 2007ರಲ್ಲಿ ವೇಲ್ಸ್ ಸರ್ಕಾರ 20 ಲಕ್ಷ ಪೌಂಡು ಕೊಟ್ಟು ಆ ಅನ್ಯಾಯವನ್ನು ಸ್ವಲ್ಪ ಸರಿಪಡಿಸಿತು.

ತನ್ನವರ ಎದುರು ಬಾಯಿ ತೆರೆದವರೂ ಇದ್ದಾರೆ. ಕನನ್ ಕಣಿವೆಯ ಸಂಸತ್ ಸದಸ್ಯೆ ಆನ್ ಕ್ಲೂಯಿಡ್ 2012ರಲ್ಲಿ ಗಂಡನನ್ನು ಕಾರ್ಡಿಫ್‌ನ ಆಸ್ಪತ್ರೆಯಲ್ಲಿ ಕಳೆದುಕೊಂಡರು. ಕೊನೆಯ ದಿನಗಳಲ್ಲಿ ಅಲ್ಲಿ ಕಂಡ ನಿರ್ಲಕ್ಷ್ಯವನ್ನು ರೇಡಿಯೊದಲ್ಲಿ ಅಳುತ್ತಲೇ ಹೇಳಿದರು. ವೇಲ್ಸ್‌ನ ಆರೋಗ್ಯ ಇಲಾಖೆ ಆಗ ಅವರದೇ ಲೇಬರ್ ಪಕ್ಷದ ಕೈಯಲ್ಲಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ದೂರುಗಳನ್ನು ಹೇಗೆ ನೋಡುತ್ತವೆಂದು ಪರಿಶೀಲಿಸುವ ಹೊಣೆಯನ್ನು ಎದುರು ಪಕ್ಷದ ಪ್ರಧಾನಿ ಅವರಿಗೆ ಕೊಟ್ಟಾಗ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಇದನ್ನು ವೈಯಕ್ತಿಕ ದುಃಖವೆಂದು ಬದಿಗಿಡುವವರು ಆ ಪತ್ರಗಳನ್ನು ನೆನೆಯಬೇಕು.

ಇನ್ನೊಂದು ದಾರಿಯೂ ಇದೆ. ಕಳವಳವನ್ನು ಶಾಸಕನ ಧೈರ್ಯಕ್ಕೆ ಬಿಡದೆ ನಿಯಮವಾಗಿಸುವ ದಾರಿ. ಐದೇ ಸದಸ್ಯರಿದ್ದ ಸಣ್ಣ ಪಕ್ಷದ ಕರ್ಸ್ಟಿ ವಿಲಿಯಮ್ಸ್ ವೇಲ್ಸ್ ಶಾಸನಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ತಂದರು. ಅದೇ 2016ರ ದಾದಿಯರ ಸಂಖ್ಯೆಯ ಕಾನೂನು. ವಾರ್ಡಿಗೆ ಎಷ್ಟು ದಾದಿಯರು ಬೇಕೆಂದು ಆರೋಗ್ಯ ಮಂಡಳಿಗಳು ಲೆಕ್ಕ ಹಾಕಲೇಬೇಕು, ಆ ಸಂಖ್ಯೆಯನ್ನು ರೋಗಿಗಳಿಗೆ ತಿಳಿಸಲೇಬೇಕು. ದೊಡ್ಡವರ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳಿಂದ ಶುರುವಾಗಿ 2021ರಲ್ಲಿ ಮಕ್ಕಳ ವಾರ್ಡಿಗೂ ಇದು ಬಂತು. ದಾದಿಯರ ಕೊರತೆ ಇದರಿಂದ ನೀಗಿತೆಂದು ನಾನು ಹೇಳುವುದಿಲ್ಲ. ಆದರೆ ಹಾಸಿಗೆಯ ಪಕ್ಕ ಕೂತ ಮಗಳಿಗೆ ಕೇಳಲು ಒಂದು ಸಂಖ್ಯೆ ಸಿಕ್ಕಿತು. ಗುಡ್ಡೆಗಳ ವಿಷಯದಲ್ಲೂ ಹಾಗೆಯೇ. 2020ರ ಫೆಬ್ರುವರಿಯ ಬಿರುಗಾಳಿ ಮಳೆಯಲ್ಲಿ ಟೈಲರ್ಸ್‌ಟೌನ್‌ನಲ್ಲಿ ಮತ್ತೊಂದು ಹಳೆಯ ಗುಡ್ಡೆ ಜಾರಿತು. 2025ರಲ್ಲಿ ಅಲ್ಲಿನ ಶಾಸನಸಭೆ ಪಾಳುಬಿದ್ದ ಗುಡ್ಡೆಗಳ ಮೇಲುಸ್ತುವಾರಿಗೆ ಕಾನೂನು ಮಾಡಿತು.

ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧದ ನಂತರ ವಿಪ್‌ಗೆ ವಿರುದ್ಧ ಮತ ಹಾಕಿದ ಶಾಸಕ ಸ್ಥಾನವನ್ನೇ ಕಳೆದುಕೊಳ್ಳಬಹುದು. ಡೇವಿಸ್ 1961ರಲ್ಲಿ ಮಾಡಿದ್ದನ್ನು ಇಲ್ಲಿ ಮಾಡುವುದು ಸುಲಭವಲ್ಲ, ನಿಜ. ಆದರೆ ಆ ಕಾನೂನು ಮತಕ್ಕೆ ಕಡಿವಾಣ ಹಾಕಿತೇ ಹೊರತು ಪ್ರಶ್ನೆಗಲ್ಲ. ಚುಕ್ಕೆ ಗುರುತಿನ ಪ್ರಶ್ನೆ, ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ಸದನ ಸಮಿತಿ, ಇವೆಲ್ಲ ಆಡಳಿತ ಪಕ್ಷದ ಸದಸ್ಯನಿಗೂ ತೆರೆದೇ ಇವೆ.

ಆದ್ದರಿಂದ ಸಂಶೋಧಕ ಮಿತ್ರರಲ್ಲಿ ನನ್ನ ಕೋರಿಕೆ ಇದು. ಭಾಷಣಗಳನ್ನು ಎಣಿಸುವುದಕ್ಕೆ ಮೊದಲು ವಿಧಾನಸಭೆಯ ನಡಾವಳಿಗಳನ್ನು ತೆರೆಯಿರಿ. ಆಡಳಿತ ಪಕ್ಷದ ಶಾಸಕರು ತಮ್ಮದೇ ತಾಲ್ಲೂಕು ಆಸ್ಪತ್ರೆ, ಹಾಸ್ಟೆಲ್, ವೃದ್ಧಾಪ್ಯ ವೇತನದ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಬೇರೆ ಮಾಡಿ, ಉತ್ತರದ ನಂತರ ಕಚೇರಿಯಲ್ಲಿ ಏನು ಬದಲಾಯಿತೆಂದು ಹುಡುಕಿ. ಮಧ್ಯಾಹ್ನದ ಗೋಷ್ಠಿಯವರಿಗೆ ಒಂದು ಹೆಚ್ಚಿನ ಕೆಲಸ. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು, ಗಾಳಿ ಬೀಸಿದಾಗ ಅವುಗಳ ದೂಳು ಈಗಲೂ ಮನೆಗಳೊಳಗೆ ಬರುತ್ತದೆ. ಗಣಿ ನಡೆಯುತ್ತಿದ್ದಾಗ, ಕೂಲಿಯೂ ಬರುತ್ತಿದ್ದಾಗ, ಆ ದಿಬ್ಬಗಳ ಬಗ್ಗೆ ಸದನದಲ್ಲಿ ಯಾರು ಕೇಳಿದರು, ಯಾವ ವರ್ಷ ಕೇಳಿದರು, ಯಾರು ಏನು ಉತ್ತರ ಕೊಟ್ಟರು ಎಂಬುದನ್ನು ಹುಡುಕಿ ತನ್ನಿ.