ದಂಡಿನಿಂದ ಅಂಗಡಿಗೆ

(ಸಿಂಗಟಗೆರೆಯಲ್ಲಿ ಮಾಡಿದ ಭಾಷಣ)



ಯೋಧನು ಊರು ಬಿಡುವ ದಿನ ಹಾರ ಹಾಕಿ ಕಳುಹಿಸುವುದನ್ನು ನಾವು ಬಲ್ಲೆವು. ಸೇವೆ ತೀರಿಸಿ ಬಂದ ದಿನ ಮೆರವಣಿಗೆ ಮಾಡುವುದನ್ನೂ ಬಲ್ಲೆವು. ಅದರ ಮರುದಿನ ಅವನು ಏನು ಮಾಡಬೇಕು? ಇಂದು ತಮ್ಮ ಮುಂದೆ ಇಡಬೇಕೆಂದಿರುವುದು ಆ ಮರುದಿನದ ಮಾತು.

ಸಿಪಾಯಿಯ ನಿವೃತ್ತಿಯು ಮಾಸ್ತರರ ನಿವೃತ್ತಿಯಂತಲ್ಲ. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಸೇರಿದವನು ಹದಿನೈದು ಹದಿನೇಳು ವರ್ಷ ದುಡಿದು, ನಲವತ್ತು ತುಂಬುವ ಮೊದಲೇ ಮರಳುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ತಂದೆತಾಯಿಗಳು ಮುಪ್ಪಿಗೆ ಸಂದಿರುತ್ತಾರೆ. ಮೈಯಲ್ಲಿ ಕಸುವಿದೆ, ಕೈಯಲ್ಲಿ ಒಂದಿಷ್ಟು ಗಂಟಿದೆ. ಆದರೆ ನಮ್ಮ ಪಟ್ಟಣಗಳು ಅವನಿಗೆ ಸುಲಭವಾಗಿ ತೋರಿಸುವುದು ಬ್ಯಾಂಕಿನ ಬಾಗಿಲನ್ನು. ಅದೂ ಒಳಗೆ ಹೋಗುವುದಕ್ಕಲ್ಲ, ಹೊರಗೆ ಕೋವಿ ಹಿಡಿದು ನಿಲ್ಲುವುದಕ್ಕೆ! ಕಾವಲು ಕೆಲಸವು ಹೀನವೆಂದು ನನ್ನ ಅಭಿಪ್ರಾಯವಲ್ಲ. ಸ್ವಂತ ಉದ್ಯಮವನ್ನು ಕಟ್ಟಬಲ್ಲವನಿಗೂ ಅದೊಂದೇ ಗತಿಯಾಗಬಾರದೆಂಬುದಷ್ಟೇ ನನ್ನ ವಾದ.

ಆ ಗಂಟಿನ ವಿಚಾರವನ್ನು ಮೊದಲು ತಿಳಿಯೋಣ. ಸೈನಿಕನು ತನ್ನ ಪಿಂಚಣಿಯ ಅರ್ಧದವರೆಗೆ ಬಿಟ್ಟುಕೊಟ್ಟು ಒಮ್ಮೆಗೇ ಹಣ ಪಡೆಯಬಹುದು. ಬಿಟ್ಟುಕೊಟ್ಟ ಭಾಗವು ಮತ್ತೆ ಕೈಸೇರುವುದು ಹದಿನೈದು ವರ್ಷಗಳ ಮೇಲೆ. ಹಾಗಾದರೆ ಅದು ದಾನವೂ ಅಲ್ಲ, ಲಾಭವೂ ಅಲ್ಲ. ತನ್ನ ಮುಂದಿನ ಅನ್ನವನ್ನೇ ಮುಂಗಡವಾಗಿ ತೆಗೆದುಕೊಂಡದ್ದು. ಅದರಿಂದ ಮನೆ ಕಟ್ಟಿ, ತಂಗಿಯ ಮದುವೆ ಮಾಡಿ, ಉಳಿದುದರಲ್ಲಿ ಅಂಗಡಿ ಇಟ್ಟವನು ಅದನ್ನು ಕಳೆದುಕೊಂಡರೆ ಹೋಗುವುದು ಬರಿಯ ಬಂಡವಾಳವಲ್ಲ, ಹದಿನೈದು ವರ್ಷಗಳ ಅರ್ಧ ಹೊಟ್ಟೆ.

ಗಂಟು ಕರಗುವುದಾದರೂ ಹೇಗೆ? ಒಂದು ಸಣ್ಣ ಲೆಕ್ಕವನ್ನು ನೋಡಿರಿ. ಒಂದು ಲಕ್ಷ ರೂಪಾಯಿಯ ಸಾಮಾನು ತಂದು, ನೂರಕ್ಕೆ ಹತ್ತರ ಲಾಭದಿಂದ ಎಲ್ಲವನ್ನೂ ಮಾರಿದನೆನ್ನೋಣ. ಅದರಲ್ಲಿ 40,000 ರೂಪಾಯಿಯದು ಉದರಿ. ಪುಸ್ತಕದಲ್ಲಿ 10,000 ರೂಪಾಯಿ ಲಾಭ, ಪೆಟ್ಟಿಗೆಯಲ್ಲಿರುವುದು 70,000. ಮತ್ತೆ ಅಷ್ಟೇ ಸಾಮಾನು ತರಲು 30,000 ಕಡಿಮೆ. ಹೀಗೆ ಲಾಭ ಮಾಡುತ್ತ ಮಾಡುತ್ತಲೇ ಅಂಗಡಿ ಬರಿದಾಗುವುದು! ದಂಡಿನಲ್ಲಿ ತಿಂಗಳ ಸಂಬಳ ತಪ್ಪುವುದಿಲ್ಲ, ಉಗ್ರಾಣದ ಸಾಮಾನು ರುಜುವಿಲ್ಲದೆ ಹೊರಗೆ ಹೋಗುವುದಿಲ್ಲ. ಊರಿನಲ್ಲಾದರೋ ಮಾವನು ಬಂದು, “ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನಪ್ಪಾ” ಎನ್ನುತ್ತಾನೆ. ಶತ್ರುವಿಗೆ ಬೆನ್ನು ತೋರದವನು ನೆಂಟನಿಗೆ ‘ಇಲ್ಲ’ ಎನ್ನಲಾರನು.

ಹಾಗೆಂದು ಸೈನಿಕನಿಗೆ ವ್ಯಾಪಾರವು ಒಗ್ಗದೆಂದು ಹೇಳುವುದು ತಪ್ಪು. ನಮ್ಮ ನೆರೆಯ ಸೀಮೆಯ ನಿದರ್ಶನವನ್ನೇ ನೋಡಿರಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಬಾಂಗ್ಲಾ ಯುದ್ಧದಲ್ಲಿ ಸೇವೆ ಸಲ್ಲಿಸಿ, ಇಪ್ಪತ್ತೆಂಟರ ವಯಸ್ಸಿನಲ್ಲಿ ಸೈನ್ಯವನ್ನು ಬಿಟ್ಟರು. ಮನೆತನದ ಭೂಮಿಯು ಹೇಮಾವತಿಯ ಜಲಾಶಯದಲ್ಲಿ ಮುಳುಗಿತ್ತು. ಬದಲಿಗೆ ಜಾವಗಲ್ಲಿನ ಬಳಿ ದೊರೆತ ಬರಡು ನೆಲದಲ್ಲಿ ಡೇರೆ ಹಾಕಿ ಬೇಸಾಯಕ್ಕಿಳಿದರು. ಹೈನು, ಕೋಳಿ, ರೇಷ್ಮೆ ಎಲ್ಲವನ್ನೂ ಪರೀಕ್ಷಿಸಿದರು. ಹಾಸನದಲ್ಲಿ ಎನ್‌ಫೀಲ್ಡ್ ಮೋಟಾರು ಸೈಕಲ್ಲುಗಳನ್ನು ಮಾರಿದರು, ಹೋಟೆಲು ನಡೆಸಿದರು. ರೇಷ್ಮೆ ಬೇಸಾಯದ ಹೊಸ ಕ್ರಮಕ್ಕಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. ಸೈನ್ಯದವರೇ ಆದ ಕ್ಯಾಪ್ಟನ್ ಸ್ಯಾಮುಯೆಲರೊಡನೆ 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆಯನ್ನೂ, 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನೂ ಕಟ್ಟಿದರು. ಆ ವಿಮಾನ ಸಂಸ್ಥೆಯು ನಷ್ಟಕ್ಕೆ ಸಿಕ್ಕಿ 2008ರೊಳಗೆ ಪರರ ಕೈ ಸೇರಿತು.

ಜನರು ವಿಮಾನದ ಕಥೆಯನ್ನೇ ಹೇಳುತ್ತಾರೆ. ನಮಗೆ ಬೇಕಾದುದು ಅದಕ್ಕೆ ಮುಂಚಿನ ಹದಿನೈದಕ್ಕೂ ಹೆಚ್ಚಿನ ವರ್ಷಗಳ ಕಥೆ. ದನದ ಕೊಟ್ಟಿಗೆಯಲ್ಲಿ, ಹುಳುವಿನ ಮನೆಯಲ್ಲಿ, ಮಾರಾಟದ ಮಳಿಗೆಯಲ್ಲಿ ಕಲಿತ ಲೆಕ್ಕದ ಕಥೆ. ಅವರು ಅಧಿಕಾರಿಗಳಾಗಿದ್ದವರು, ಬ್ಯಾಂಕಿನವರೊಡನೆ ಸಮನಾಗಿ ಕುಳಿತು ಮಾತನಾಡಬಲ್ಲವರು. ಸಾಮಾನ್ಯ ಸಿಪಾಯಿಗೆ ಆ ಅನುಕೂಲವಿಲ್ಲ. ಆದುದರಿಂದ ಅವನಿಗೆ ಊರೇ ಒತ್ತಾಸೆಯಾಗಬೇಕು.

ಈಗ ಕಾಲವು ಇನ್ನೂ ಬಿಗಿಯಾಗಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇವೆಯು ನಾಲ್ಕೇ ವರ್ಷ. ಆ ಬಳಿಕ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಸೈನ್ಯದಲ್ಲಿ ಉಳಿಯುವ ಅವಕಾಶ. ಉಳಿದ ಮೂವರಿಗೆ ಪಿಂಚಣಿಯಿಲ್ಲ, ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ ಮಾತ್ರ. ಅದರಲ್ಲಿಯೂ ಅರ್ಧವು ಅವನ ಸಂಬಳದಿಂದಲೇ ಮುರಿದುಕೊಂಡದ್ದು. ಮೊದಲಿನವನು ಅಂಗಡಿ ಮುಳುಗಿದರೂ ಅರ್ಧ ಪಿಂಚಣಿಯ ಮೇಲೆ ಬದುಕುವನು. ಈ ಹುಡುಗನಿಗೆ ಆ ಆಸರೆಯೂ ಇಲ್ಲ.

ಸರಕಾರವು ಏನೂ ಮಾಡದೆಂದಲ್ಲ. ರಕ್ಷಣಾ ಮಂತ್ರಾಲಯದ ಪುನರ್ವಸತಿ ನಿರ್ದೇಶನಾಲಯವು ತರಬೇತಿಗಳನ್ನು ಕೊಡಿಸುತ್ತದೆ. ನಮ್ಮ ರಾಜ್ಯದಲ್ಲಿಯೂ ಸೈನಿಕ ಕಲ್ಯಾಣ ಇಲಾಖೆಯಿದೆ. ಆದರೆ ಸಿಂಗಟಗೆರೆಯ ಬೀದಿಯಲ್ಲಿ ಯಾವ ವ್ಯಾಪಾರ ನಡೆದೀತೆಂಬುದನ್ನು ದಿಲ್ಲಿಯವರು ಹೇಳಲಾರರು. ಅದನ್ನು ನಾವು ಹೇಳಬೇಕು. ನಮ್ಮದು ತೆಂಗು ರಾಗಿಗಳ ಬಯಲುಸೀಮೆ, ಕೊಳವೆಬಾವಿಯನ್ನು ನಂಬಿದ ನೆಲ. ಬೇಸಗೆಯಲ್ಲಿ ಮೋಟಾರು ಸುಟ್ಟರೆ ತೋಟ ಒಣಗುವುದು. ಸೈನ್ಯದಲ್ಲಿ ಯಂತ್ರ ಬಿಚ್ಚಿ ಜೋಡಿಸಿದವನು ಮೋಟಾರು ವೈಂಡಿಂಗ್ ಅಂಗಡಿಯನ್ನು ಇಡಲಾರನೇ? ಉಗ್ರಾಣ ನೋಡಿಕೊಂಡವನು ಕೊಬ್ಬರಿಯನ್ನು ವಿಂಗಡಿಸಿ ಅರಸೀಕೆರೆ ತಿಪಟೂರುಗಳ ಪೇಟೆಗೆ ಮುಟ್ಟಿಸಲಾರನೇ? ಇರುವ ಹತ್ತು ಕಿರಾಣಿ ಅಂಗಡಿಗಳ ಪಕ್ಕದಲ್ಲಿ ಹನ್ನೊಂದನೆಯದನ್ನು ತೆರೆಯಬೇಕಾದ ಅಗತ್ಯವಿಲ್ಲ.

ಬೀರೂರು ಅಜ್ಜಂಪುರಗಳ ಕಾವಲುಗಳ ಅಮೃತಮಹಲ್ ತಳಿಯು ಹೈದರ್ ಟಿಪ್ಪುಗಳ ಕಾಲದಲ್ಲಿ ದಂಡಿನ ಭಾರವನ್ನು ಎಳೆದದ್ದು. ಅನಂತರ ಅದೇ ತಳಿಯು ರೈತನ ನೊಗಕ್ಕೂ ಬಂದಿತು. ಎತ್ತಿನ ಕಸುವನ್ನು ಗುರುತಿಸಿದ ಸೀಮೆಯು ತನ್ನ ಮಕ್ಕಳ ಕಸುವನ್ನು ಗುರುತಿಸದೆ ಹೋದರೆ ನಗೆಗೀಡಾದೀತು.

ಮಹನೀಯರೇ, ನನ್ನ ಬಿನ್ನಹಗಳು ಮೂರು. ಉಪಾಧ್ಯಾಯರು ಮರಳಿ ಬಂದ ಸೈನಿಕನಿಗೆ ಸಂಜೆಯ ಹೊತ್ತು ಜಮಾಖರ್ಚಿನ ಲೆಕ್ಕವನ್ನು ಕಲಿಸಲಿ. ವ್ಯಾಪಾರಿಗಳು, ಅವನು ಗಂಟು ಬಿಚ್ಚುವ ಮೊದಲು, ಆರು ತಿಂಗಳು ತಮ್ಮ ಗಲ್ಲದ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಮೂರನೆಯದು ನಮ್ಮೆಲ್ಲರಿಗೂ ಸೇರಿದ್ದು, ಎಲ್ಲಕ್ಕಿಂತ ಕಷ್ಟದ್ದು: ಅವನ ಅಂಗಡಿಗೆ ಹೋದಾಗ ದುಡ್ಡು ಕೊಟ್ಟು ಸಾಮಾನು ತರೋಣ. ಅವನು ದೇಶಕ್ಕೆ ಕೊಟ್ಟ ಸೇವೆಯಲ್ಲಿ ಉದರಿ ಇಟ್ಟಿರಲಿಲ್ಲ.